ಕಲ್ಲಿಗೆ ಪುಟವಿದೆ, ಕೆರೆಗೂ ಬೇಕು: ವಿಕಿಪೀಡಿಯದ ಬೆಂಗಳೂರು

ಬೆಂಗಳೂರಿನ ಬಗ್ಗೆ ಪ್ರಬಂಧ ಬರೆಯುವ ಶಾಲೆಯ ಹುಡುಗಿ, ಹಬ್ಬದ ವಿಶೇಷ ಪುಟ ಸಿದ್ಧಪಡಿಸುವ ಉಪಸಂಪಾದಕ, ಊರು ನೋಡಲು ಬಂದ ನೆಂಟ, ಎಲ್ಲರೂ ಈಗ ಮೊದಲು ತೆರೆಯುವುದು ವಿಕಿಪೀಡಿಯವನ್ನೇ. ಸಂಬಳವಿಲ್ಲದೆ, ಲೇಖನದ ತಲೆಯ ಮೇಲೆ ಹೆಸರೂ ಇಲ್ಲದೆ ಬರೆಯುವವರು ಕಟ್ಟಿದ ಈ ವಿಶ್ವಕೋಶದ ಮೂಲಕವೇ ಬಹಳ ಜನ ನಮ್ಮ ನಗರದ ಚರಿತ್ರೆಯನ್ನು ಪ್ರವೇಶಿಸುತ್ತಾರೆ. ಹಾಗಾಗಿ ಅದನ್ನು ಬರೀ ಮಾಹಿತಿಯ ರಾಶಿ ಎಂದು ಬಿಡದೆ, ಒಂದು ಕೃತಿಯೆಂದು ಓದಿ ಬೆಲೆ ಕಟ್ಟಬೇಕು. ಹಾಗೆ ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಅಚ್ಚಿನಲ್ಲಿ ಬಂದ ಬೆಂಗಳೂರು ಅಲ್ಲಿ ಸುಲಭವಾಗಿ ಜಾಗ ಪಡೆದಿದೆ. ಜನರ ಬಾಯಲ್ಲಿ ಉಳಿದ ಬೆಂಗಳೂರು ಇನ್ನೂ ಹೊರಗೇ ನಿಂತಿದೆ.

ಮೊದಲು ಅದರ ಗೆಲುವನ್ನು ಮನಸಾರೆ ಹೇಳಬೇಕು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿತು. ಆಮೇಲಿನ ನೂರು ವರ್ಷಗಳಲ್ಲಿ ಊರು ಬೆಳೆದ ರಭಸಕ್ಕೆ ಆ ಕಲ್ಲುಗಳಲ್ಲಿ ಎಷ್ಟೋ ಕಾಣೆಯಾದವು. 2017ರ ಸುಮಾರಿಗೆ ಕೆಲವು ಹವ್ಯಾಸಿಗಳು ಆ ಸಂಪುಟವನ್ನೇ ದಾರಿದೀಪ ಮಾಡಿಕೊಂಡು, ಹಳ್ಳಿಯ ಹೆಸರು ಹಿಡಿದು ಕಲ್ಲು ಹುಡುಕಲು ಹೊರಟರು. ಮುಂದೆ ಮಿಥಿಕ್ ಸೊಸೈಟಿ ಅವುಗಳನ್ನು ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ಕೈಗೊಂಡಿತು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು. ನಗರದಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಅದೇ ಬಹಳ ಹಳೆಯದು. ವಿಕಿಪೀಡಿಯದಲ್ಲಿ ಅದಕ್ಕೆ ಪ್ರತ್ಯೇಕ ಪುಟವೇ ಇದೆ. ರಾಜನಲ್ಲದ, ಊರಿಗಾಗಿ ಕಾದಾಡಿ ಸತ್ತ ಒಬ್ಬ ವೀರನಿಗೆ ಸುಮಾರು 1,270 ವರ್ಷಗಳ ನಂತರ ವಿಶ್ವಕೋಶದಲ್ಲಿ ಜಾಗ ಸಿಕ್ಕಿತಲ್ಲ, ಇದು ಸಣ್ಣ ಸಂಗತಿಯಲ್ಲ.

ಆಧಾರ ಕೇಳುವ ಅದರ ಶಿಸ್ತೂ ಮೆಚ್ಚತಕ್ಕದ್ದೇ. ಹೊಯ್ಸಳ ವೀರಬಲ್ಲಾಳ ಮುದುಕಿಯ ಮನೆಯಲ್ಲಿ ಬೆಂದ ಕಾಳು ತಿಂದದ್ದರಿಂದಲೇ ಊರಿಗೆ ಹೆಸರು ಬಂತೆಂಬ ಕಥೆಯನ್ನು ಕೇಳದ ಬೆಂಗಳೂರಿಗರಿಲ್ಲ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು 890ರ ವೀರಗಲ್ಲು ಆಗಲೇ ಬೆಂಗಳೂರಿನ ಹೆಸರು ಹಿಡಿದೇ ಅಲ್ಲಿನ ಕಾಳಗವನ್ನು ಹೇಳುತ್ತದೆ, ಅದೂ ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮುಂಚೆ. ಕಥೆಯನ್ನು ಕಥೆಯೆಂದು, ಶಾಸನವನ್ನು ಶಾಸನವೆಂದು ಬೇರೆಬೇರೆ ಇಡುವ ಬರವಣಿಗೆಯನ್ನು ಆಧಾರ ಕೇಳುವ ಈ ಶಿಸ್ತೇ ಕಲಿಸುತ್ತದೆ. ಎಷ್ಟೋ ಪ್ರವಾಸಿ ಕೈಪಿಡಿಗಳು ಇಂದಿಗೂ ಇದನ್ನು ಕಲಿತಿಲ್ಲ.

ತೊಡಕು ಬರುವುದು ಕಲ್ಲು ಬಿಟ್ಟು ನೀರಿನ ಕಡೆ ತಿರುಗಿದಾಗ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಂಪಂಗಿಯ ನೀರಿನಲ್ಲಿ ತಿಗಳ ಸಮುದಾಯದವರು ತರಕಾರಿ, ಹೂವು ಬೆಳೆಯುತ್ತಿದ್ದರು. ಆ ತಿಗಳರೇ ನಗರದ ಕರಗ ಉತ್ಸವದಲ್ಲಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರುವವರು. ಕೆರೆ ಹೋದ ಮೇಲೂ ಅದರ ಅಳಿದುಳಿದ ತುಣುಕಿನ ಬಳಿ ಕರಗದ ಪೂಜೆ ನಿಂತಿಲ್ಲ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವುದನ್ನು ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಕ್ರೀಡಾಂಗಣದ ಪುಟ ಓದುವವನಿಗೆ ತಾನು ಓದುತ್ತಿರುವುದು ಒಂದು ಕೆರೆಯ ಕಥೆಯೂ ಹೌದು ಎಂದು ಗೊತ್ತಾಗಬೇಕು. ಅಲ್ಲಿಂದ ಅವನು ಕರಗಕ್ಕೆ, ಕರಗದಿಂದ ತಿಗಳರ ತೋಟಗಳಿಗೆ ನಡೆದು ಹೋಗುವಂತಿರಬೇಕು. ಪುಟದಿಂದ ಪುಟಕ್ಕೆ ಕೊಂಡಿ ಹಾಕುವುದು ವಿಕಿಪೀಡಿಯದ ದೊಡ್ಡ ಶಕ್ತಿ. ನಮ್ಮ ನಗರದ ಪುಟಗಳು ಅದನ್ನು ಬಳಸಿಕೊಂಡಿರುವುದು ಬಹಳ ಕಡಿಮೆ. ಕಟ್ಟಡಕ್ಕೊಂದು ಪುಟ, ಹಬ್ಬಕ್ಕೊಂದು ಪುಟ, ಸಮುದಾಯಕ್ಕೊಂದು ಪುಟ. ಊರು ಮಾತ್ರ ಹಾಗೆ ಖಾನೆ ಖಾನೆಯಾಗಿ ಬದುಕಿಲ್ಲ.

ಇದಕ್ಕೆ ಬರೆಯುವವರ ಉದಾಸೀನವೇ ಕಾರಣವೆನ್ನಲಾರೆ. ಸ್ವಂತ ಸಂಶೋಧನೆ ಬೇಡ, ಪ್ರಕಟವಾದ ಆಧಾರ ಬೇಕು ಎಂಬುದು ವಿಕಿಪೀಡಿಯದ ಮೂಲ ನಿಯಮ. ವಿಧಾನಸೌಧಕ್ಕೂ ಲಾಲ್‌ಬಾಗಿನ ಗಾಜಿನ ಮನೆಗೂ ಆಧಾರಗಳು ರಾಶಿ ಬಿದ್ದಿವೆ. ಬಳೇಪೇಟೆಯ ಬಳೆಗಾರನಿಗೆ, ಕುಂಬಾರಪೇಟೆಯ ಮಡಕೆಗೆ ಯಾವ ಪುಸ್ತಕದ ಪುಟಸಂಖ್ಯೆ ಕೊಡುವುದು? 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಜನರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಡಬಹುದೇ ಎಂದು ಮಲಯಾಳಂ, ಹಿಂದಿ, ಉತ್ತರ ಸೋಥೊ ಭಾಷೆಗಳಲ್ಲಿ ಪರೀಕ್ಷಿಸಿದರು. ಅದು ಸಾಮಾನ್ಯ ಪದ್ಧತಿಯಾಗಿ ಬೇರೂರಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಯಮ ಸಡಿಲಿಸುವುದು ಪರಿಹಾರವಲ್ಲ. ಸಡಿಲಿಸಿದ ದಿನ ಪ್ರತಿ ಮನೆತನವೂ ತನ್ನ ಮೂಲಪುರುಷನನ್ನು ಊರು ಕಟ್ಟಿದ ಕೆಂಪೇಗೌಡನ ಬಲಗೈ ಮಾಡಿಬಿಡುತ್ತದೆ. ಆಗಬೇಕಾದದ್ದು ಆಧಾರ ಹುಟ್ಟಿಸುವ ಕೆಲಸ. ಪೇಟೆಯ ಹಿರಿಯರ ಮಾತು ಪತ್ರಿಕೆಯಲ್ಲಿ ಬರಲಿ, ಕಾಲೇಜುಗಳು ಪುಟ್ಟ ಪುಸ್ತಕವಾಗಿ ತರಲಿ. ಆಮೇಲೆ ವಿಕಿಪೀಡಿಯಕ್ಕೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಇರುವ ಆಧಾರಗಳನ್ನಾದರೂ ನಾವು ಪೂರ್ತಿ ಬಳಸಿದ್ದೇವೆಯೇ? ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ನಡುವೆ ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಉದ್ದುದ್ದಕ್ಕೆ ಅನುವಾದಿಸಿ ಸುರಿದ ಕಾಲವೊಂದಿತ್ತು. ಆ ವಾಕ್ಯಗಳ ಗಂಟು ಬಿಡಿಸುವುದು ಇನ್ನೂ ಮುಗಿದಿಲ್ಲ. ಬೆಂಗಳೂರಿನ ವಿಷಯದಲ್ಲಂತೂ ಅನುವಾದದ ದಾರಿ ತೀರ ವಿಚಿತ್ರ. ಬ.ನ. ಸುಂದರರಾವ್ ಅವರ ‘ಬೆಂಗಳೂರಿನ ಇತಿಹಾಸ’ ಕನ್ನಡದಲ್ಲೇ ಇದೆ. ಕನ್ನಡ ದಿನಪತ್ರಿಕೆಗಳ ಹಳೆಯ ಸಂಚಿಕೆಗಳಿವೆ, ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ. ಇವನ್ನೆಲ್ಲ ಬಿಟ್ಟು, ಇಂಗ್ಲಿಷ್ ಪುಟದಲ್ಲಿರುವ ಬೆಂಗಳೂರನ್ನು ಕನ್ನಡಕ್ಕೆ ತಂದರೆ ಸಾಫ್ಟ್‌ವೇರ್ ಕಂಪನಿಗಳು ಬರುತ್ತವೆ, ಕಡಲೆಕಾಯಿ ಪರಿಷೆ ಒಂದು ಸಾಲಿಗೆ ಇಳಿಯುತ್ತದೆ. ಕನ್ನಡ ಪುಟ ಇಂಗ್ಲಿಷ್ ಪುಟಕ್ಕೆ ಕೊಡುವಂತಿರಬೇಕು.

ಚಿತ್ರಗಳ ವಿಚಾರವನ್ನೂ ಹೇಳಬೇಕು. ಲಾಲ್‌ಬಾಗಿನಲ್ಲಿದ್ದ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ನೆಲಸಮವಾಯಿತು. ಇಂಥ ಕಟ್ಟಡ ಹೋದ ಮೇಲೆ, ಯಾರೋ ಒಬ್ಬರು ಭಾನುವಾರ ತೆಗೆದು ಮುಕ್ತ ಪರವಾನಗಿಯಲ್ಲಿ ಹಾಕಿದ ಫೋಟೊವೇ ಮುಂದಿನವರಿಗೆ ಸಾಕ್ಷಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಟ್ಟಡಗಳ, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪಗಳ ಫೋಟೊ ಹಂಚಿಕೊಳ್ಳಲು ಅವಕಾಶ ಕೊಟ್ಟಿದೆ. ಗೋಡೆಚಿತ್ರಗಳಿಗೆ ಅದೇ ಸಲಿಗೆ ಇಲ್ಲ. ಈ ಗೆರೆ ತಿಳಿದಿದ್ದರೆ ಹಾಕಿದ ಚಿತ್ರ ಅಳಿಸಿಹೋದ ಬೇಸರ ತಪ್ಪುತ್ತದೆ.

ಒಟ್ಟಿನಲ್ಲಿ ಇದು ನಂಬಿಕೆಗೆ ತಕ್ಕ ಕೃತಿ, ಆದರೆ ಅರ್ಧ ಬರೆದ ಕೃತಿ. ಉಳಿದರ್ಧ ಬರೆಯಬೇಕಾದವರು ಈ ಊರಿನ ಕನ್ನಡ ಓದುಗರೇ. ನಿಮ್ಮ ಬಡಾವಣೆ ಎದ್ದಿರುವುದು ಯಾವ ಕೆರೆಯ ಅಚ್ಚುಕಟ್ಟಿನಲ್ಲಿ ಎಂದು ವಿಚಾರಿಸಿ. ಹತ್ತಿರದ ಗ್ರಂಥಾಲಯದಲ್ಲಿ ಅದರ ಬಗ್ಗೆ ಅಚ್ಚಾದ ಒಂದು ಪುಟವನ್ನಾದರೂ ಹುಡುಕಿ, ಆ ಪುಸ್ತಕದ ಹೆಸರು, ಪುಟಸಂಖ್ಯೆಯ ಸಮೇತ ಕನ್ನಡದಲ್ಲಿ ಬರೆದು ಸೇರಿಸಿ.