ಕರೆ ಮತ್ತು ಸೀಟು

ಪರ್ಸನಲಿಸಂ ಎಂಬ ವಿಚಾರಧಾರೆಗೆ ಕನ್ನಡದಲ್ಲಿ ಒಪ್ಪುವ ಹೆಸರು ಸಿಗುವುದು ಕಷ್ಟ. 'ವ್ಯಕ್ತಿವಾದ' ಎಂದೊಡನೆ ತಾನು, ತನ್ನದು ಎನ್ನುವವನ ವಾದವೆಂದೇ ಕೇಳುವವರಿಗೆ ತೋರುತ್ತದೆ. ಫ್ರಾನ್ಸಿನ ಇಮ್ಯಾನ್ಯುಯೆಲ್ ಮೂನಿಯೇ 1932ರಲ್ಲಿ 'ಎಸ್ಪ್ರಿ' ಪತ್ರಿಕೆ ಆರಂಭಿಸಿ ಜಗಳಕ್ಕೆ ನಿಂತದ್ದು ಅಂಥ ಮನೋಭಾವದ ವಿರುದ್ಧವೇ. ತನ್ನ ಲಾಭನಷ್ಟವನ್ನಷ್ಟೇ ಎಣಿಸುತ್ತ ಕೂತ ಬಿಡಿಮನುಷ್ಯ ಬೇರೆ, ದೇವರಿಗೂ ನೆರೆಯವರಿಗೂ ತೆರೆದಿರುವ ವ್ಯಕ್ತಿ ಬೇರೆ ಎಂಬುದು, ಸ್ಥೂಲವಾಗಿ ಹೇಳುವುದಾದರೆ, ಅವರ ನಿಲುವು.

ಈ ತತ್ವವನ್ನು ಉದ್ಯೋಗಕ್ಕೆ ಅನ್ವಯಿಸಿದ ಬರಹಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಪೋಪ್ ಎರಡನೆಯ ಜಾನ್ ಪಾಲರು 1981ರಲ್ಲಿ ಹೊರಡಿಸಿದ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪರಿಪತ್ರ. ಬರೆದವರ ಕೈ ದುಡಿಮೆ ಬಲ್ಲ ಕೈ. ಪೋಲೆಂಡ್ ನಾಜಿಗಳ ವಶದಲ್ಲಿದ್ದಾಗ, 1940ರಿಂದ, ಅವರು ಕ್ರಾಕೋವಿನ ಝಕ್‌ಶೂವೆಕ್ ಕಲ್ಲುಕೋರೆಯಲ್ಲಿಯೂ ಆಮೇಲೆ ಸೋಲ್ವೇ ರಾಸಾಯನಿಕ ಕಾರ್ಖಾನೆಯಲ್ಲಿಯೂ ಕೂಲಿಯಾಳಾಗಿದ್ದರು. ಕೆಲಸದ ಬೆಲೆ ಅದರಿಂದ ಹೊರಬಂದ ವಸ್ತುವಿನಲ್ಲಿಲ್ಲ, ಮಾಡಿದವನು ಒಬ್ಬ ವ್ಯಕ್ತಿ ಎಂಬುದರಲ್ಲಿದೆ. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಕೆಲಸಕ್ಕಾಗಿ ಅಲ್ಲ ಎಂಬುದು ಆ ಪತ್ರದ ತಿರುಳು. ಸಾಲಿಡಾರಿಟಿ ಸಂಘಟನೆ ಹುಟ್ಟಿ ಆಗಷ್ಟೇ ಒಂದು ವರ್ಷವಾಗಿತ್ತು. ಹಾಗಾಗಿ ಇದು ಬರಿಯ ಪೀಠದ ಮಾತಾಗಿರಲಿಲ್ಲ.

ಮೂವತ್ತು ವರ್ಷ ಬ್ಯಾಂಕಿನ ಗುಮಾಸ್ತಿಕೆ ಮಾಡಿದ ನನಗೆ ಈ ಪತ್ರದ ಬೆಲೆ ಪುಸ್ತಕದ ಹೊರಗೆ ತಿಳಿದದ್ದು. ಕಚೇರಿಯ ಭಾಷೆಯಲ್ಲಿ ಜನರಿಲ್ಲ, ಸೀಟುಗಳಿವೆ. 'ಆ ಸೀಟಿನವರು ರಜೆ', 'ಈ ಸೀಟಿಗೆ ಯಾರನ್ನಾದರೂ ಹಾಕಿ' ಎನ್ನುತ್ತೇವೆ. ಕೌಂಟರಿನ ಆಚೆ ನಿಂತು ಹೆಬ್ಬೆಟ್ಟು ಒತ್ತುವ ಮುದುಕಿಯೂ ಅಷ್ಟೆ. ಈಚೆಯವರ ಪಾಲಿಗೆ ಅವಳೊಂದು ವೋಚರು. ಪತ್ರ ದುಡಿಯುವವನ ಘನತೆಯನ್ನು ಎತ್ತಿಹಿಡಿಯುವಷ್ಟು ಆಚೆ ನಿಂತವಳನ್ನು ನೋಡುವುದಿಲ್ಲ. ಕಲ್ಲುಕೋರೆಯಲ್ಲಿ ಗಿರಾಕಿ ಎದುರು ನಿಲ್ಲುವುದಿಲ್ಲವಲ್ಲ! ಆದರೆ ಮೇಷ್ಟರಿಗೆ, ದಾದಿಗೆ, ಗುಮಾಸ್ತನಿಗೆ ಕೆಲಸವೆಂದರೆ ಎದುರಿಗಿರುವ ಮುಖವೇ.

ನನ್ನ ದೊಡ್ಡ ತಕರಾರು ಬೇರೆಯದು. ದುಡಿಮೆಯಿಂದ ಮನುಷ್ಯ ಒಂದರ್ಥದಲ್ಲಿ ಇನ್ನಷ್ಟು ಮನುಷ್ಯನಾಗುತ್ತಾನೆ ಎಂದು ಪತ್ರ ಹೇಳುತ್ತದೆ. ಓದುವಾಗ ಎದೆ ತುಂಬುತ್ತದೆ. ಆದರೆ ನನ್ನ ಜೊತೆಗೇ ನಿವೃತ್ತರಾದವರೊಬ್ಬರು ತಿಂಗಳುಗಟ್ಟಲೆ ಬೆಳಿಗ್ಗೆ ಹತ್ತಕ್ಕೆ ಪ್ಯಾಂಟು ಶರ್ಟು ತೊಟ್ಟು ಜಗಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಅವರ ಗೇಟಿನ ಫಲಕದಲ್ಲಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ನಿವೃತ್ತ ಮ್ಯಾನೇಜರ್' ಎಂದಿತ್ತು. ದುಡಿಮೆಯಿಂದ ಹೆಚ್ಚಿದ ಮನುಷ್ಯತ್ವ ದುಡಿಮೆ ನಿಂತಾಗ ಇಳಿಯುತ್ತದೆಯೇ? ಪತ್ರ ಹಾಗೆ ಹೇಳುವುದಿಲ್ಲ, ನಿಜ. ಅಂಗವಿಕಲರೂ ಪೂರ್ಣ ಮನುಷ್ಯರೇ ಎಂದು ಅದು ಸ್ಪಷ್ಟವಾಗಿ ಸಾರುತ್ತದೆ. ಆದರೆ ಅಲ್ಲಿಯೂ ಅದು ಮುಖ್ಯವಾಗಿ ಕೇಳುವುದು ಅವರ ಶಕ್ತಿಗೆ ತಕ್ಕ ಕೆಲಸವನ್ನು.

ಮೂನಿಯೇಯವರ ಮಗಳು ಫ್ರಾನ್ಸ್ವಾಸ್ ಹಸುಳೆಯಾಗಿದ್ದಾಗಲೇ ಮಿದುಳಿನ ಉರಿಯೂತಕ್ಕೆ ತುತ್ತಾದಳು. ಮಾತಿಲ್ಲ, ಅರಿವಿಲ್ಲ. ಆಕೆಯ ಶಕ್ತಿಗೆ ತಕ್ಕ ಕೆಲಸವೆಂಬುದೇ ಇರಲಿಲ್ಲ. ಆ ತಂದೆಗೆ ಮಾತ್ರ ಅವಳ ಹಾಸಿಗೆಯ ಬಳಿ ಹೋಗುವುದು ಪೂಜಾಪೀಠದ ಬಳಿ ಹೋದಂತೆ ಕಂಡಿತು. 1936ರ ತಮ್ಮ ಪ್ರಣಾಳಿಕೆಯಲ್ಲಿ ಅವರು ಕರೆಯನ್ನು ವ್ಯಕ್ತಿಯ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದರು. ಆದರೆ ಆ ಕರೆ ಉದ್ಯೋಗವಲ್ಲ, ಬದುಕಿನ ಚದುರಿದ ಚೂರುಗಳನ್ನೆಲ್ಲ ಒಂದುಗೂಡಿಸುವ ಒಳಗಿನ ಸೆಳೆತ. ನಮ್ಮ ಚರ್ಚುಗಳಲ್ಲಿ ದೈವಕರೆಯೆಂದರೆ ಪಾದ್ರಿಗಳದು, ಕನ್ಯಾಸ್ತ್ರೀಯರದು ಎಂದೇ ರೂಢಿ. ಕಂಪೆನಿಗಳ ತರಬೇತುದಾರರೋ ಅದನ್ನು ಮನಸ್ಸಿಗೊಪ್ಪುವ ನೌಕರಿ ಮಾಡಿಬಿಟ್ಟಿದ್ದಾರೆ. ಎರಡೂ ಮೂನಿಯೇಯಿಂದ ದೂರ.

'ಇದೆಲ್ಲ ನಮ್ಮ ಕಾಯಕದಲ್ಲೇ ಇದೆಯಲ್ಲ' ಎಂದು ಗೆಳೆಯರು ಹೇಳುವುದುಂಟು. ಇರಬಹುದು. ಆದರೆ ಶರಣರಲ್ಲಿ ಕಾಯಕದ ಜೊತೆ ದಾಸೋಹವಿತ್ತು. ಅದನ್ನು ಕೈಬಿಟ್ಟು ಕಾಯಕವನ್ನಷ್ಟೇ ಗೋಡೆಗೆ ತೂಗುಹಾಕಿದರೆ ಉಳಿಯುವುದು ಓವರ್‌ಟೈಮು.

ಪರಿಪತ್ರವನ್ನು ಓದುವವರು ಪಕ್ಕದಲ್ಲಿ ಮೂನಿಯೇ ಪತ್ನಿ ಪೋಲೆಟ್ಟರಿಗೆ ಬರೆದ ಕಾಗದಗಳನ್ನೂ ಇಟ್ಟುಕೊಂಡರೆ ಒಳ್ಳೆಯದು. ದುಡಿಯುವ ಕೈಯ ಬಗ್ಗೆ ಕಲ್ಲುಕೋರೆಯ ಕೂಲಿಯಾಳು ಬರೆದಷ್ಟು ಚೆನ್ನಾಗಿ ಮೂನಿಯೇ ಬರೆಯಲಾರರು. ದುಡಿಯಲಾರದ ಕೈಯನ್ನು ಹಿಡಿದುಕೊಂಡು ಬರೆದವರು ಮಾತ್ರ ಅವರೇ.