‘ಪಕ್ಷಿವಿಶೇಷ’ವೆಂಬ ಟೀಕೆಯ ವಿಚಾರ

ನಮ್ಮ ಟೀಕಾಕಾರರಿಗೆ ಅತ್ಯಂತ ಪ್ರಿಯವಾದ ಮಾತುಗಳಲ್ಲಿ ‘ಪಕ್ಷಿವಿಶೇಷ’ವೆಂಬುದೂ ಒಂದು. ಮೂಲದಲ್ಲಿ ಕ್ರೌಂಚ, ಕುರರ, ಕಾದಂಬ, ಸಾರಸ ಎಂಬ ಯಾವ ಹೆಸರು ಬಂದರೂ ‘ಪಕ್ಷಿವಿಶೇಷ’ವೆಂದೋ ‘ಒಂದು ಬಗೆಯ ಹಕ್ಕಿ’ಯೆಂದೋ ಬರೆದು ಮುಂದಿನ ಪದಕ್ಕೆ ಹೋಗುವುದು ವಾಡಿಕೆ. ಇದನ್ನು ದೂಷಿಸುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ ಅಮರಕೋಶದ ಸಿಂಹಾದಿವರ್ಗವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವನು ನಾನು. ಬಳಿಕ ಮೂವತ್ತು ವರ್ಷ ಪಾಠ ಹೇಳುವಾಗಲೂ ಈ ಮಾತನ್ನೇ ಹೇಳಿ ಮುಂದೆ ಸಾಗಿದವನು. ಒಮ್ಮೆ ವಿದ್ಯಾರ್ಥಿಯೊಬ್ಬನು, “ಗುರುಗಳ, ತಾವು ಹಂಸಾ ನೋಡೀರೇನ್ರಿ?” ಎಂದು ಕೇಳಿದನು. ಇಲ್ಲವೆನ್ನಬೇಕಾಯಿತು. ಆ ಪ್ರಶ್ನೆಯ ಸಾಲವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ಕಳೆದ ಫಾಲ್ಗುಣದಲ್ಲಿ ಮೈಸೂರಿಗೆ ಹೋಗುವ ಪ್ರಸಂಗ ಒದಗಿದಾಗ, ಕಾರಂಜಿಕೆರೆಯ ದಂಡೆಯಲ್ಲಿ 1995ರಲ್ಲಿ ತೆರೆದ ನಿಸರ್ಗೇತಿಹಾಸದ ಸಂಗ್ರಹಾಲಯವನ್ನೂ, ಮರುದಿನ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನೂ ನೋಡಿದೆನು. ರಂಗನತಿಟ್ಟು ಕಾವೇರಿಯ ನಡುವಣ ಸಣ್ಣ ನಡುಗಡ್ಡೆಗಳ ಗುಂಪು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಕಟ್ಟಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದುವೆಂದು ಹೇಳುವರು. ಪಕ್ಷಿಶಾಸ್ತ್ರಜ್ಞರಾದ ಸಾಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. ಅವರ ಹೆಸರಿನ ಸಣ್ಣದೊಂದು ಪರಿಚಯಮಂದಿರವೂ ಅಲ್ಲಿ ಉಂಟು. ಮಂದಿರದಲ್ಲಿ ಹಕ್ಕಿಯ ಪರಿಚಯವನ್ನು ಪಡೆದು ದೋಣಿಯಲ್ಲಿ ಕುಳಿತರೆ, ಕೋಶವನ್ನು ಓದಿ ಕಾವ್ಯಕ್ಕೆ ಹೋದಂತೆಯೇ ಆಗುವುದು.

ಅಲ್ಲಿ ನನಗೆ ಮೊದಲು ಬೋಧೆಯಾದುದು ದೇಶ್ಯಪದಗಳ ಮಹತ್ತ್ವ. ನೀರಿನಲ್ಲಿ ಮೈಯನ್ನೆಲ್ಲ ಮುಳುಗಿಸಿ, ಉದ್ದವಾದ ಕೊರಳನ್ನು ಮಾತ್ರ ಮೇಲೆತ್ತಿ ಈಜುವ ಹಕ್ಕಿಗೆ ನಮ್ಮವರು ‘ಹಾವಕ್ಕಿ’ಯೆಂದು ಹೆಸರಿಟ್ಟರು. ಕೊಕ್ಕಿನ ಎರಡು ದಳಗಳು ನಡುವೆ ಒಂದಕ್ಕೊಂದು ಕೂಡದೆ ಸಂದುಳಿಯುವ ಕೊಕ್ಕರೆಯು ‘ಬಾಯ್ಕಳಕ’. ಬಸವನಹುಳುವನ್ನು ಹಿಡಿದು ತಿನ್ನುವುದಕ್ಕೆ ಆ ಕೊಕ್ಕೇ ಸಾಧನ. ಈ ಹೆಸರುಗಳು ಕೇವಲ ಸಂಕೇತಗಳಲ್ಲ, ಲಕ್ಷಣವಾಕ್ಯಗಳು. ಮರದ ತುಂಬ ತಲೆಕೆಳಗಾಗಿ ತೂಗುತ್ತಿದ್ದ ಬಾವಲಿಗಳನ್ನು ಕಂಡಾಗ, ಅಮರನು ಹೇಳುವ ‘ಅಜಿನಪತ್ರಾ’ ಎಂಬ ಹೆಸರು ಐವತ್ತು ವಯಸ್ಸು ದಾಟಿದ ಮೇಲೆ ನನಗೆ ಅರ್ಥವಾಯಿತು: ತೊಗಲೇ ರೆಕ್ಕೆಯಾಗಿ ಉಳ್ಳದ್ದು. ನಮ್ಮ ಊರಿನ ಹೆಂಗಸರು ಮಕ್ಕಳು ಅದನ್ನು ‘ತೊಗಲಬಾವಲಿ’ ಎಂದೇ ಕರೆಯುತ್ತಿದ್ದರು. ಕೋಶಕಾರನೂ ಅವರೂ ಒಂದೇ ವಸ್ತುವನ್ನು ಒಂದೇ ಕಣ್ಣಿನಿಂದ ನೋಡಿದ್ದರು. ನಡುವೆ ನಿಂತು ನೋಡದೆ ಉಳಿದವನು ಪಂಡಿತನೊಬ್ಬನೇ.

ಅಮರಸಿಂಹನು ನೋಡಿಯೇ ಬರೆದನೆಂಬುದಕ್ಕೆ ಹಂಸಗಳ ವಿಭಾಗವೂ ಸಾಕ್ಷಿ. ಕೊಕ್ಕೂ ಕಾಲೂ ಕೆಂಪಾಗಿರುವ ಬಿಳಿಯ ಹಕ್ಕಿ ರಾಜಹಂಸ, ಅವು ಮಾಸಲಾಗಿದ್ದರೆ ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಇಂದಿನ ಪಕ್ಷಿಶಾಸ್ತ್ರದ ಪುಸ್ತಕಗಳೂ ಕೊಕ್ಕು ಕಾಲುಗಳ ಬಣ್ಣದಿಂದಲೇ ಎಷ್ಟೋ ಜಾತಿಗಳನ್ನು ಬೇರ್ಪಡಿಸುತ್ತವೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕಾವ್ಯದ ಹಂಸವು ಕವಿಸಮಯಸಿದ್ಧವಾದುದು. ಹಾಲು ನೀರುಗಳನ್ನು ಬೇರ್ಪಡಿಸುವ ಹಕ್ಕಿಯನ್ನು ಯಾವ ಕೆರೆಯಲ್ಲಿ ಹುಡುಕುವುದು? ರಸವೇ ಪ್ರಧಾನವಾಗಿರುವಲ್ಲಿ ಪ್ರಾಣಿಶಾಸ್ತ್ರದಿಂದ ಏನು ಪ್ರಯೋಜನ? ಈ ಆಕ್ಷೇಪಕ್ಕೆ ರಾಜಶೇಖರನೇ ಉತ್ತರ ಕೊಟ್ಟಿರುವನು. ಕಾವ್ಯಮೀಮಾಂಸೆಯಲ್ಲಿ ಅವನು ಕವಿಸಮಯವನ್ನು ಇಲ್ಲದುದನ್ನು ವರ್ಣಿಸುವುದು, ಇರುವುದನ್ನು ವರ್ಣಿಸದಿರುವುದು, ಇರುವುದನ್ನು ನಿಯಮಕ್ಕೆ ಒಳಪಡಿಸುವುದು ಎಂದು ಮೂರಾಗಿ ವಿಭಾಗಿಸುತ್ತಾನೆ. ಎಲ್ಲ ಜಲಾಶಯಗಳಲ್ಲಿಯೂ ಹಂಸಗಳನ್ನು ಹೇಳುವುದು ಮೊದಲನೆಯ ಬಗೆಗೆ ಉದಾಹರಣೆ. ವಸಂತದಲ್ಲಿ ಮಾತ್ರ ಕೋಗಿಲೆಯ ದನಿಯನ್ನು ವರ್ಣಿಸುವುದು ಮೂರನೆಯದಕ್ಕೆ. ಯಾವುದು ಇದೆ, ಯಾವುದು ಇಲ್ಲವೆಂಬುದನ್ನು ಲೋಕದಲ್ಲಿ ತಿಳಿಯದವನಿಗೆ ಈ ವಿಭಾಗವೇ ಅಸಾಧ್ಯ. ಆದುದರಿಂದ ಲೋಕಜ್ಞಾನವು ಕವಿಸಮಯಕ್ಕೆ ವಿರೋಧಿಯಲ್ಲ, ಅದರ ಪೂರ್ವಾಂಗ.

ಹಂಸವನ್ನು ನೋಡುವ ಆಸೆಯಿಂದ ಈ ಪುಷ್ಯಮಾಸದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗಿ ಬಂದೆನು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಆದ ರಾಮ್ಸಾರ್ ಒಪ್ಪಂದದ ಪಟ್ಟಿಗೆ ರಂಗನತಿಟ್ಟು 2022ರಲ್ಲಿಯೂ ಮಾಗಡಿ ಕೆರೆ 2024ರಲ್ಲಿಯೂ ಸೇರಿದುವು. ಪಟ್ಟೆತಲೆಯ ಹೆಬ್ಬಾತುಗಳು ಟಿಬೆಟ್ಟು, ಮಂಗೋಲಿಯ ಮೊದಲಾದ ಎತ್ತರದ ದೇಶಗಳಿಂದ ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಇಲ್ಲಿಗೆ ಬಂದಿಳಿಯುತ್ತವೆ; ಬೇಸಗೆಯ ಮುನ್ನವೇ ಮರಳಿ, ಅಲ್ಲಿಯ ಸರೋವರಗಳಲ್ಲಿ ಮರಿಮಾಡುತ್ತವೆ. ಮಳೆಗಾಲಕ್ಕೆ ಹಂಸಗಳು ಮಾನಸಕ್ಕೆ ತೆರಳುವುವೆಂಬ ಕವಿವಾಕ್ಯವನ್ನು ಬರಿಯ ಕಲ್ಪನೆಯೆಂದು ನಾನು ಬಹುಕಾಲ ಪಾಠ ಹೇಳಿದ್ದೆನು. ಅದರಲ್ಲಿ ಎಷ್ಟು ಕಣ್ಣಾರೆ ಕಂಡ ಸತ್ಯವಿದೆಯೆಂದು ಆ ಕೆರೆಯ ಏರಿಯ ಮೇಲೆ ತಿಳಿಯಿತು. ಆದರೂ ಇದೇ ಅಮರನ ರಾಜಹಂಸವೆಂದು ಹೇಳಲಾಗದು; ಇದರ ಮೈ ಬೂದು, ಕೊಕ್ಕು ಕಾಲುಗಳು ಹಳದಿ. ಸಾದೃಶ್ಯ ಕಂಡಲ್ಲೆಲ್ಲ ಐಕ್ಯವನ್ನು ಸಾಧಿಸುವುದೂ ‘ಪಕ್ಷಿವಿಶೇಷ’ದಷ್ಟೇ ದೋಷ.

ಈ ವಿಚಾರ ಕೇವಲ ಕೋಶಕ್ಕೆ ಸಂಬಂಧಿಸಿದುದಲ್ಲವೆಂಬುದಕ್ಕೆ ಆದಿಕಾವ್ಯದ ಕ್ರೌಂಚವೇ ನಿದರ್ಶನ. ಜೂಲಿಯಾ ಲೆಸ್ಲಿಯೆಂಬ ವಿದುಷಿಯು 1998ರಲ್ಲಿ ಪ್ರಕಟವಾದ ಲೇಖನದಲ್ಲಿ, ಅದು ಇಂದು ಸಾರಸವೆಂದು ಕರೆಯುವ ಕೊಕ್ಕರೆಯೆಂದು ವಾದಿಸಿರುವರು. ಅಮರನು ಕ್ರೌಂಚ ಸಾರಸಗಳನ್ನು ಬೇರೆಬೇರೆಯಾಗಿ ಹೇಳಿರುವುದರಿಂದ ಈ ನಿರ್ಣಯ ವಿಚಾರಾರ್ಹವೇ ಸರಿ. ಆದರೆ ಒಪ್ಪಿ ನೋಡಿದರೆ ಏನಾಗುವುದೆಂಬುದು ಗಮನಾರ್ಹ. ಅದು ಹೆಚ್ಚು ಕಡಮೆ ಮನುಷ್ಯನಷ್ಟು ಎತ್ತರದ ಹಕ್ಕಿ. ಬಹುಕಾಲ ಒಂದೇ ಜೋಡಿಯಾಗಿ ಬಾಳುವುದು. ಗಂಡು ಹೆಣ್ಣುಗಳೆರಡೂ ಒಂದರ ದನಿಗೆ ಒಂದು ದನಿಗೂಡಿಸಿ ಕೂಗುವುವು. ಅಂತಹ ಜೋಡಿಯಲ್ಲಿ ಒಂದು ನೆಲಕ್ಕೆ ಬಿದ್ದರೆ ಉಳಿದುದರ ಕೂಗು ಅರ್ಧ ದನಿಯ ಕೂಗು. ‘ಪಕ್ಷಿವಿಶೇಷ’ವೆಂದು ಕೇಳಿದ ಹುಡುಗನು ಗುಬ್ಬಚ್ಚಿಯಷ್ಟು ಹಕ್ಕಿಯನ್ನು ಊಹಿಸಿಕೊಂಡರೆ, ಋಷಿಯ ಶೋಕವು ಅವನಿಗೆ ಅತಿಯಾಗಿ ತೋರುವುದು. ಅಲ್ಲಿ ಕೆಟ್ಟುದು ಪದಾರ್ಥವಲ್ಲ, ಕರುಣರಸವೇ.

ಆದುದರಿಂದ ಸಂಪಾದಕರಲ್ಲಿಯೂ ಉಪಾಧ್ಯಾಯರಲ್ಲಿಯೂ ಒಂದು ವಿಜ್ಞಾಪನೆ. ಇನ್ನು ಮುಂದೆ ಟೀಕೆಯಲ್ಲಿ ಹಕ್ಕಿಯ ದೇಶ್ಯನಾಮ, ಗಾತ್ರ, ಬಣ್ಣ, ಋತು ಇವುಗಳನ್ನು ಒಂದು ಸಾಲಿನಲ್ಲಾದರೂ ಕೊಡಬೇಕು; ಎಲ್ಲಿಯವರೆಗೆ ಲೋಕ, ಎಲ್ಲಿಂದ ಕವಿಸಮಯವೆಂದು ತೋರಿಸಬೇಕು; ನಿರ್ಣಯವಾಗದ ಕಡೆ ಸಂದಿಗ್ಧವೆಂದೇ ಬರೆಯಬೇಕು. ಇದಕ್ಕೆ ದೂರ ಹೋಗಬೇಕಾದ ಅಗತ್ಯವೂ ಇಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿಯೇ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಬಾರಾಪೆಡೆ ಗುಹೆಗಳಲ್ಲಿ, ವಿಜ್ಞಾನಿಗಳು 1913ರಲ್ಲಿ ಹೊಸದಾಗಿ ಹೆಸರಿಸಿದ ಅಪೂರ್ವವಾದ ಬಾವಲಿಯೊಂದು ವಾಸವಾಗಿದೆ. ನಾನು ಬೀಡಿಯಲ್ಲಿ ಕುಳಿತು ‘ಜತುಕಾಜಿನಪತ್ರಾ’ ಎಂದು ಉರುಹೊಡೆಯುತ್ತಿದ್ದಾಗಲೂ ಅದು ಅಲ್ಲಿಯೇ ಇತ್ತು. ಅದನ್ನು ತಿಳಿಯುವುದಕ್ಕೆ ನಾನು ಕಾವೇರಿಯ ನಡುಗಡ್ಡೆಯವರೆಗೆ ಹೋಗಿ ಬರಬೇಕಾಯಿತು. ನಮ್ಮ ವಿದ್ಯಾರ್ಥಿಗಳಿಗೆ ಆ ಸುತ್ತುದಾರಿ ಬೇಡ.