ಮಾಡಿದನು, ಮಾಡಿದರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತ ಮನೆಗಳಲ್ಲಿ ಆಡುಮಾತು ಹೆಚ್ಚಾಗಿ ಕೊಂಕಣಿ, ತುಳು ಇಲ್ಲವೇ ಮಲಯಾಳ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹೊಸ ಒಡಂಬಡಿಕೆಯನ್ನು ತುಳುವಿಗೂ ತಂದರು. ಆದರೂ ಅನೇಕರ ಓದು ಶಾಲೆಯಲ್ಲಿ ಕಲಿತ ಕನ್ನಡದಲ್ಲೇ. “ಟೀಚರ್, ಯಾವ ಬೈಬಲ್ ಓದಲಿ?” ಎಂದು ಹಳೆಯ ವಿದ್ಯಾರ್ಥಿನಿಯರು ಕೇಳುವುದುಂಟು.

ಹಳೆಯ ‘ಸತ್ಯವೇದವು’ ದೇವರನ್ನು ಯೆಹೋವನೆಂದು ಕರೆದು ‘ಮಾಡಿದನು’ ಎನ್ನುತ್ತದೆ. ಸರಳಗನ್ನಡದ ‘ಪವಿತ್ರ ಬೈಬಲ್’ ಸರ್ವೇಶ್ವರನೆಂದು ಕರೆದು ‘ಮಾಡಿದರು’ ಎನ್ನುತ್ತದೆ. ಬಹುವಚನ ಮರ್ಯಾದೆಯದು, ನಿಜ. ಆದರೆ ರಾಮ ಬಂದ, ಕೃಷ್ಣ ಬಂದ ಎನ್ನುವ ನಮ್ಮ ನಾಲಗೆಗೆ ಏಕವಚನ ಅಗೌರವವಲ್ಲ, ಸಲಿಗೆ. ಹೊಸ ಅನುವಾದ ಆ ಸಲಿಗೆಯನ್ನು ಕಳೆದುಕೊಂಡಿದೆ. ಗಟ್ಟಿಯಾಗಿ ಓದುವಾಗ ಹಳೆಯದಕ್ಕೇ ಗಾಂಭೀರ್ಯ ಹೆಚ್ಚು.

ಆದರೂ ಕೆಲಸ ಮುಗಿಸಿ ಒಬ್ಬಳೇ ಕುಳಿತು ಓದುವ ಹೆಣ್ಣುಮಗಳಿಗೆ ನಾನು ಹೊಸದನ್ನೇ ಕೊಡುತ್ತೇನೆ. ಅರ್ಥಕ್ಕಾಗಿ ಅವಳು ಇನ್ನೊಬ್ಬರ ಬಾಯಿ ನೋಡಬೇಕಾಗಬಾರದು. ಹಳೆಯದನ್ನು ಆಮೇಲೆ ಓದಲಿ, ಕಿವಿಗಾಗಿ.

ಕೊಳ್ಳುವ ಮೊದಲು ಪರಿವಿಡಿ ನೋಡಿ. ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66 ಗ್ರಂಥಗಳು, ಕಥೋಲಿಕರದರಲ್ಲಿ 73. ಹೆಚ್ಚಿನ ಏಳರಲ್ಲಿ ತನ್ನ ಊರನ್ನು ಶತ್ರುಸೇನೆಯಿಂದ ಉಳಿಸಿದ ಜೂಡಿತ್ ಎಂಬ ವಿಧವೆಯ ಕಥೆಯಿದೆ. ಯಾವ ಸಭೆಯವರೇ ಆಗಲಿ, ನಾವು ಹೆಂಗಸರು ಅವಳನ್ನು ಬಿಟ್ಟು ಓದಿದರೆ ನಷ್ಟ ನಮಗೇ.